ಬಸುರಿಯರು ಟ್ರಮಡಾಲ್ ಗುಳಿಗೆ ತಗೋಬಹುದಾ? ತಿಳಿದಿರಬೇಕಾದ ಸಂಗತಿಗಳು

ಕಲಬುರಗಿ: ಬಸುರಿಯರಿಗೆ ಟೊಂಕ ನೋವು, ತಲೆನೋವು ಸಾಮಾನ್ಯ. ದವಾಖಾನಿಗೆ ಹೋಗಲು ಒಂದು ದಿನದ ಕೂಲಿ ಹೋಗುತ್ತದೆ ಎಂದು ಮೆಡಿಕಲ್ ಅಂಗಡಿಯಲ್ಲೇ ‘ಪವರಿಂದು ಒಂದು ಗುಳಿಗಿ ಕೊಡ್ರಿ’ ಎಂದು ಕೇಳುವವರಿದ್ದಾರೆ. ಆ ಗುಳಿಗೆಯಲ್ಲಿ ಟ್ರಮಡಾಲ್ ಇದ್ದರೆ ಅದು ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ.

ಯಾವ ಔಷಧಿಗಳು?
ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಇವು ಅಫೀಮಿನಂತೆ ಕೆಲಸ ಮಾಡುವ ಓಪಿಯಾಯ್ಡ್ ಗುಂಪಿನವು. ಪ್ಯಾರಾಸಿಟಮಾಲ್ ಜತೆ ಟ್ರಮಡಾಲ್ ಸೇರಿಸಿದ ಗುಳಿಗೆಗಳೂ ಇವೆ. ಕೆಲವು ಕೆಮ್ಮಿನ ಸಿರಪ್‌ನಲ್ಲಿ ಕೊಡೀನ್ ಇರುತ್ತದೆ. ಸ್ಟ್ರಿಪ್ ಮೇಲಿನ ಸಣ್ಣ ಅಕ್ಷರ ಓದಿಸಿಕೊಳ್ಳಿ.

ಕೂಸಿಗೆ ಏನಾಗುತ್ತದೆ?
ವೈದ್ಯರು ಬರೆದುಕೊಟ್ಟು ಒಂದೆರಡು ದಿನ ತಗೊಂಡಿದ್ದರೆ ಗಾಬರಿ ಬೇಡ. ಹೆರಿಗೆ ವೇಳೆ ಆಸ್ಪತ್ರೆಯಲ್ಲಿ ಇಂಥ ಇಂಜೆಕ್ಷನ್ ಕೊಡುವುದೂ ಉಂಟು, ಅಲ್ಲಿ ತಾಯಿ–ಕೂಸಿನ ಮೇಲೆ ನಿಗಾ ಇರುತ್ತದೆ. ಅಪಾಯ ಹೆಚ್ಚುವುದು ವಾರಗಟ್ಟಲೆ ನುಂಗಿದಾಗ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ. ಹುಟ್ಟಿದ ಕೂಸಿಗೆ ಔಷಧಿ ಒಮ್ಮೆಲೇ ನಿಂತಂತಾಗಿ, ಸಾಮಾನ್ಯವಾಗಿ 1ರಿಂದ 3 ದಿನದೊಳಗೆ ನಡುಕ, ಕಿರುಚಿ ಅಳುವುದು, ಹಾಲು ಕುಡಿಯದಿರುವುದು, ಭೇದಿ ಕಾಣಿಸಬಹುದು. ಉಸಿರಾಟ ನಿಧಾನವಾಗಬಹುದು. ಇದಕ್ಕೆ ಚಿಕಿತ್ಸೆ ಇದೆ. ಆದರೆ ವೈದ್ಯರಿಗೆ ಮೊದಲೇ ಗೊತ್ತಿರಬೇಕು.

ದಿನಾ ತಗೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬ್ಯಾಡ್ರಿ
ರೂಢಿಯಾದ ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಅವಧಿಗೆ ಮುನ್ನ ಹೆರಿಗೆ ಬೇನೆ ಬರಬಹುದು, ಕೂಸಿಗೂ ತೊಂದರೆ. ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ. ಅವರು ಹಂತ ಹಂತವಾಗಿ ಇಳಿಸುತ್ತಾರೆ, ಇಲ್ಲವೇ ಬದಲಿ ಔಷಧಿ ಕೊಡುತ್ತಾರೆ.

ಹಂಗಾದ್ರ ನೋವಿಗೆ ಏನು?
* ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮೊದಲ ಆಯ್ಕೆ.
* ಡೈಕ್ಲೋಫಿನಾಕ್, ಐಬುಪ್ರೊಫೆನ್ ಸ್ವಂತಕ್ಕೆ ಬೇಡ. 20 ವಾರದ ನಂತರ ಇವು ಕೂಸಿನ ಕಿಡ್ನಿಗೆ ತೊಂದರೆ ಮಾಡಬಹುದು.
* ಟೊಂಕ ನೋವಿಗೆ ವಿಶ್ರಾಂತಿ, ಬಿಸಿನೀರಿನ ಶಾಖ, ಮಗ್ಗುಲಾಗಿ ಮಲಗುವುದು.
* ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ರಕ್ತಸ್ರಾವ ಇದ್ದರೆ ಗುಳಿಗೆ ನುಂಗಿ ಕೂಡಬೇಡಿ, ಕೂಡಲೇ 108ಕ್ಕೆ ಕರೆ ಮಾಡಿ. ಬಿಪಿ ಏರಿದ್ದರ ಲಕ್ಷಣವೂ ಆಗಿರಬಹುದು.
* ಹಾಲುಣಿಸುವ ತಾಯಂದಿರಿಗೂ ಟ್ರಮಡಾಲ್, ಕೊಡೀನ್ ಸರಿಯಲ್ಲ.

ಮೆಡಿಕಲ್ ಅಂಗಡಿಯವರ ಗಮನಕ್ಕೆ
ಟ್ರಮಡಾಲ್ ಶೆಡ್ಯೂಲ್ ಎಚ್1 ಔಷಧಿ. 2018ರಿಂದ ಮಾದಕ ವಸ್ತು ತಡೆ ಕಾಯ್ದೆಯಡಿಯೂ ಬರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ವೈದ್ಯರು, ರೋಗಿಯ ಹೆಸರು, ಔಷಧಿಯ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ‘ಬಸುರಿ ಇದ್ದೀರೇನ್ರಿ ಅಕ್ಕಾರ?’ ಎಂಬ ಒಂದು ಮಾತು ಕೇಳಿದರೂ ಅನಾಹುತ ತಪ್ಪುತ್ತದೆ.

ಎಲ್ಲಿಗೆ ಹೋಗಬೇಕು?
ಪ್ರತಿ ತಿಂಗಳು 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಕಮಲಾಪುರ ಭಾಗದವರು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು. ಕಲಬುರಗಿಯ ಜಿಮ್ಸ್‌ಗೆ ಬರುವಾಗ ತಾಯಿ ಕಾರ್ಡ್ ಜತೆ ತಗೊಂಡ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್‌ಗಳನ್ನೂ ತನ್ನಿ. ಗುಳಿಗೆ ಬಿಡಲಾಗದೆ ಒದ್ದಾಡುವವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು.