ಮಗುವಿನ ಬಟ್ಟಲಿಗೆ ನೆಲಗಡಲೆ: ಮೈಸೂರಿನಿಂದ ಲಂಡನ್ನಿನವರೆಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಯಲುಗಳಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಮರಳು ಮಣ್ಣಿನ ಗದ್ದೆಗಳಿಗೆ ನೆಲಗಡಲೆ ಬೀಳುತ್ತದೆ. ಇನ್ನುಳಿದ ಗದ್ದೆಗಳಿಗೆ ಉದ್ದು, ಹೆಸರು, ಅಲಸಂಡೆ. ಇಂಥ ಊರುಗಳಲ್ಲೇ ಈಗ ಎಳೆಯ ಮಕ್ಕಳ ತಂದೆತಾಯಿಯರು ಎರಡು ಪಂಗಡವಾಗಿದ್ದಾರೆ. ಮೂರು ವರ್ಷ ತುಂಬುವ ತನಕ ನೆಲಗಡಲೆ ಬೇಡವೇ ಬೇಡ ಎನ್ನುವವರು ಕೆಲವರು. ಬೇಗ ಕೊಟ್ಟಷ್ಟೂ ಒಳ್ಳೆಯದೆಂದು ಪೀನಟ್ ಬಟರನ್ನು ಬಾಟಲಿಯಿಂದ ನೇರ ಬಾಯಿಗಿಡುವವರು ಮತ್ತೆ ಕೆಲವರು. ಇಬ್ಬರೂ ಹೇಳುವುದು ವಿಜ್ಞಾನದ ಹೆಸರನ್ನೇ, ಆದರೆ ಇಬ್ಬರೂ ಅದರ ಅರ್ಧವನ್ನಷ್ಟೇ ಓದಿದ್ದಾರೆ. ಈ ಲೇಖನ ಉಳಿದರ್ಧಕ್ಕಾಗಿ.

ಹಳೆಯ ಕ್ರಮ ಸರಳವಾಗಿತ್ತು. ಆರನೆಯ ತಿಂಗಳ ಸುಮಾರಿಗೆ ಕೊಲ್ಲೂರಿನಲ್ಲೋ ಮನೆಯಲ್ಲೋ ಅನ್ನಪ್ರಾಶನ. ಆಮೇಲೆ ಗಂಜಿತಿಳಿ, ರಾಗಿ ಮಣ್ಣಿ, ಬೆಂದ ಹೆಸರುಬೇಳೆ. ಎಳೆಯ ಮಗುವಿನ ಆಹಾರವನ್ನು ಪ್ರಯೋಗಾಲಯಕ್ಕೆ ಒಯ್ದದ್ದು 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ. ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ನೆಲಗಡಲೆ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು ಸೇರಿಸಿ ಜೀವಸತ್ವ, ಖನಿಜ ಬೆರೆಸಿದ ‘ಬಹೂಪಯೋಗಿ ಆಹಾರ’ ತಯಾರಾಯಿತು. ಹಾಲು ಕೊಳ್ಳಲಾಗದ ಮನೆಯ ಮಗುವಿಗೆ ಪ್ರೋಟೀನ್ ಮುಟ್ಟಿಸುವ ಆ ಹಂಬಲಕ್ಕೆ ಸಮನಾದದ್ದನ್ನು ನಮ್ಮ ಆಹಾರ ವಿಜ್ಞಾನ ಆಮೇಲೆ ಕಂಡದ್ದು ಕಡಿಮೆ.

ಆದರೆ ನೆಲಗಡಲೆಗೆ ಇನ್ನೊಂದು ಮುಖವೂ ಇತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟು ಬಿಡುವ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ನಮಗೆ ಹೆಚ್ಚು ತಾಗಬೇಕಾದ ವರದಿ ಬಂದದ್ದು ಮಾತ್ರ ಮೈಸೂರಿನಿಂದ, 1971ರಲ್ಲಿ. ಪ್ರೋಟೀನ್ ಕೊರತೆಯಿಂದ ನರಳುತ್ತಿದ್ದ ಮಕ್ಕಳಿಗೆ ಪೋಷಣೆಗೆಂದು ಕೊಟ್ಟ ನೆಲಗಡಲೆ ಹಿಟ್ಟಿನಲ್ಲೇ ಈ ವಿಷವಿತ್ತು. ಅವರ ಯಕೃತ್ತು ಊದಿಕೊಂಡಿತು, ಕೆಲವರಲ್ಲಿ ಸಿರೋಸಿಸ್ ಆಯಿತು. ಅಮ್ಲಾ ಮತ್ತು ಸಂಗಡಿಗರು, ಸಿಎಫ್‌ಟಿಆರ್‌ಐಯ ಶ್ರೀನಿವಾಸಮೂರ್ತಿ, ಪಾರ್ಪಿಯಾ ಜೊತೆಗೂಡಿ ಬರೆದ ಆ ಪ್ರಬಂಧ ಮಕ್ಕಳ ಆಹಾರ ತಯಾರಿಸುವ ಪ್ರತಿಯೊಬ್ಬರೂ ಓದಬೇಕಾದದ್ದು. ಇಂದಿನ ಚರ್ಚೆಗಳಲ್ಲಿ ಅದರ ಸುಳಿವೇ ಇಲ್ಲ.

ಆಮೇಲೆ ಪಶ್ಚಿಮದಲ್ಲಿ ಮಾತು ವಿಷದಿಂದ ಅಲರ್ಜಿಯತ್ತ ತಿರುಗಿತು. 2000ದಲ್ಲಿ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ನೆಲಗಡಲೆ ಬೇಡವೆಂದಿತು. ಕೆಲವರಿಗೆ ಹೇಳಿದ್ದು ಎಲ್ಲರಿಗೂ ನಿಯಮವಾಯಿತು. 2008ರಲ್ಲಿ ಅಕಾಡೆಮಿ ಆ ಸಲಹೆಯನ್ನು ಕೈಬಿಟ್ಟರೂ ನಮ್ಮ ಮನೆಗಳಲ್ಲಿ ಅದು ಇನ್ನೂ ಬದುಕಿದೆ.

ಅದೇ 2008ರಲ್ಲಿ ಲಂಡನ್ನಿನ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ ಬ್ರಿಟನ್ ಮತ್ತು ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿತು. ಎಳವೆಯಲ್ಲೇ ನೆಲಗಡಲೆ ತಿಂಡಿ ತಿನ್ನುವ ಇಸ್ರೇಲಿನಲ್ಲಿ ಅಲರ್ಜಿ ಶೇ. 0.17, ಬ್ರಿಟನ್ನಿನಲ್ಲಿ ಶೇ. 1.85. 2015ರಲ್ಲಿ ಅದೇ ತಂಡದಿಂದ ಬಂದ ‘ಲೀಪ್’ ಅಧ್ಯಯನ 4ರಿಂದ 11 ತಿಂಗಳ 640 ಶಿಶುಗಳದ್ದು. ಚರ್ಮಪರೀಕ್ಷೆಯಲ್ಲಿ ಏನೂ ಕಾಣದವರ ಪೈಕಿ ನೆಲಗಡಲೆ ತಿನ್ನದವರಲ್ಲಿ ಶೇ. 13.7 ಮಕ್ಕಳಿಗೆ ಐದನೆಯ ವರ್ಷಕ್ಕೆ ಅಲರ್ಜಿ ಬಂತು; ತಿಂದವರಲ್ಲಿ ಶೇ. 1.9ಕ್ಕೆ. ಈ ರಕ್ಷಣೆ ಹದಿಹರೆಯದವರೆಗೂ ಉಳಿಯಿತೆಂದು 2024ರ ಮುಂದುವರಿಕೆ ತೋರಿಸಿತು. ಇದು ದೊಡ್ಡ ಸಾಧನೆ, ಸಂಶಯವಿಲ್ಲ.

ಆದರೆ ಆ 640 ಮಕ್ಕಳೂ ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದವರು. ಬೆಂಗಳೂರು, ಮೈಸೂರಿನ ಮಕ್ಕಳನ್ನೂ ಒಳಗೊಂಡು, ಮೈಸೂರಿನ ಪಿ. ಎ. ಮಹೇಶ್ ಅವರೂ ಭಾಗಿಯಾಗಿದ್ದ ಯೂರೋಪ್ರಿವಾಲ್ ಸಮೀಕ್ಷೆಯಲ್ಲಿ ಸಂಭವನೀಯ ಆಹಾರ ಅಲರ್ಜಿ ಕಂಡದ್ದು ಭಾರತದ ಶೇ. 0.14 ಮಕ್ಕಳಲ್ಲಿ ಮಾತ್ರ. ಆದ್ದರಿಂದ ನಾವು ಅವಸರ ಪಡಬೇಕಿಲ್ಲ, ಹೆದರಬೇಕಿಲ್ಲ. ಕ್ರಮ ತಿಳಿದರೆ ಸಾಕು.

ಆರು ತಿಂಗಳ ಸುಮಾರಿಗೆ, ಕತ್ತು ನಿಂತು ಆಸರೆಯಲ್ಲಿ ಕೂರುವ ಮಗು ಮೊದಲು ಗಂಜಿ, ಮಣ್ಣಿ ನುಂಗಲು ಕಲಿಯಲಿ. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ನೆಲಗಡಲೆ ಕೊಡುವ ಮುನ್ನವೇ ವೈದ್ಯರನ್ನು ಕೇಳಿ. ಉಳಿದವರು ಹುರಿದು ಸಿಪ್ಪೆ ತೆಗೆದ ನೆಲಗಡಲೆಯನ್ನು ಉಪ್ಪು, ಬೆಲ್ಲ ಹಾಕದೆ ನುಣ್ಣಗೆ ಅರೆಯಲಿ. ಎರಡು ಟೀ ಚಮಚ ಅರೆದದ್ದಕ್ಕೆ ಎರಡು ಮೂರು ಚಮಚ ಬಿಸಿನೀರು ಬೆರೆಸಿ ತೆಳುವಾಗಿಸಿ ಆರಿಸಬೇಕು. ಗಟ್ಟಿ ಪೇಸ್ಟ್ ಗಂಟಲಿಗೆ ಅಂಟುತ್ತದೆ. ಇಡೀ ಕಾಳು ಐದು ವರ್ಷದವರೆಗೂ ಬೇಡ. ಮಗು ಆರೋಗ್ಯವಾಗಿರುವ ದಿನ, ಹಗಲು ಹೊತ್ತಿನಲ್ಲಿ, ಚಮಚದ ತುದಿಯಷ್ಟು ಕೊಟ್ಟು ಹತ್ತು ನಿಮಿಷ ಕಾಯಿರಿ. ಉಳಿದದ್ದನ್ನು ನಿಧಾನವಾಗಿ ತಿನ್ನಿಸಿ ಎರಡು ಗಂಟೆ ಗಮನಿಸಿ. ಮೈಮೇಲೆ ದದ್ದು ಎದ್ದರೆ ವೈದ್ಯರಿಗೆ ತೋರಿಸಿ. ತುಟಿ, ಮುಖ ಊದುವುದು, ಮತ್ತೆ ಮತ್ತೆ ವಾಂತಿ, ಉಬ್ಬಸ, ಮಗು ಜೋತುಬೀಳುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಒಗ್ಗಿದರೆ ವಾರಕ್ಕೆ ಎರಡು ಮೂರು ಸಲ ಮುಂದುವರಿಸಿ. ಗಲ್ಫ್‌ನಿಂದ ಬಂದ ಕುಟುಂಬಗಳ ಹಮ್ಮಸ್‌ನಲ್ಲಿ ಕಾಬೂಲ್ ಕಡಲೆಯ ಜೊತೆ ಎಳ್ಳೂ ಇರುತ್ತದೆ. ಇವೂ ಅಲರ್ಜಿ ತರಬಲ್ಲವು, ಆದ್ದರಿಂದ ಎರಡನ್ನೂ ಬೇರೆ ಬೇರೆ ದಿನ ಪರಿಚಯಿಸಬೇಕು.

ಇನ್ನು ಈ ಅಧ್ಯಯನಗಳ ಕೊರತೆಗಳು. 2016ರ ‘ಈಟ್’ ಅಧ್ಯಯನ ಆರು ಆಹಾರಗಳನ್ನು ಎಳವೆಯಲ್ಲೇ ಕೊಟ್ಟು ಪರೀಕ್ಷಿಸಿತು: ಹಾಲು, ಮೊಟ್ಟೆ, ನೆಲಗಡಲೆ, ಎಳ್ಳು, ಮೀನು, ಗೋಧಿ. ಕಡಲೆ, ಉದ್ದು, ಹೆಸರು ಆ ಪಟ್ಟಿಯಲ್ಲಿಲ್ಲ. ಕಡಲೆಯೂ ಭಾರತದಲ್ಲಿ ಮುಖ್ಯ ಅಲರ್ಜಿಕಾರಕವೆಂದು ಮುಂಬೈಯ ವೈದ್ಯರು 2001ರಲ್ಲೇ ಬರೆದಿದ್ದರು. ನಮ್ಮ ಮಕ್ಕಳು ಮೊದಲು ತಿನ್ನುವ ಬೇಳೆಗಳ ಬಗ್ಗೆ ಅಂಥ ದೊಡ್ಡ ಪ್ರಯೋಗ ನಡೆಯಬೇಕಾದದ್ದು ನಮ್ಮಲ್ಲೇ.

ಅದಕ್ಕಿಂತ ತುರ್ತಿನದು ಬೂಷ್ಟಿನ ವಿಷಯ. ಹುರಿದರೂ ಬೇಯಿಸಿದರೂ ಅಫ್ಲಟಾಕ್ಸಿನ್ ಪೂರ್ತಿ ಹೋಗುವುದಿಲ್ಲ. ಕಿತ್ತ ನೆಲಗಡಲೆ ಅಂಗಳದಲ್ಲಿರುವಾಗ ಬೀಳುವ ಮಳೆ, ಜೂನ್ ನಂತರ ತಿಂಗಳುಗಟ್ಟಲೆ ಇಳಿಯದ ತೇವ, ಇವು ಕರಾವಳಿಯ ನಿಜವಾದ ಅಪಾಯ. ಚೆನ್ನಾಗಿ ಒಣಗಿಸಿದ ಕಾಳನ್ನೇ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಮಗುವಿನ ಪಾಲಿನಿಂದ ತೆಗೆದುಹಾಕಬೇಕು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಮತ್ತು ಊರೂರಿನ ಅಂಗನವಾಡಿ ಒಟ್ಟಾಗಿ, ಮಕ್ಕಳಿಗೆ ಹೋಗುವ ನೆಲಗಡಲೆಯನ್ನು ಪರೀಕ್ಷಿಸಿಯೇ ಕೊಡುವ ವ್ಯವಸ್ಥೆ ಮಾಡಲಿ. ಲಂಡನ್ನಿನ ಪಾಠ ಕಲಿಯೋಣ; ಮೈಸೂರಿನ ಮಕ್ಕಳು ಯಕೃತ್ತು ತೆತ್ತು ಕಲಿಸಿದ ಪಾಠವನ್ನು ಅದಕ್ಕೂ ಮೊದಲು ಜಾರಿಗೆ ತರೋಣ.