ಕಬ್ಬಿನ ನಾಡಿನಲ್ಲಿ ಹಳೆಮಗ

ಮಂಡ್ಯದ ಕಬ್ಬಿನ ಚರಿತ್ರೆಯನ್ನು ನಾಲ್ಕು ಹೆಸರಲ್ಲಿ ಹೇಳಿ ಮುಗಿಸುವುದು ನಮ್ಮಲ್ಲಿ ರೂಢಿ: ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, 1933ರ ಮೈಸೂರು ಸಕ್ಕರೆ ಕಂಪನಿ. ಇವರ ಕೊಡುಗೆ ಸುಳ್ಳಲ್ಲ. 1911ರಲ್ಲಿ ಕಟ್ಟೆ ಕೆಲಸ ಶುರುವಾಯಿತು. 1930ರ ದಶಕದ ಮೊದಲಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಹರಿದ ಮೇಲೆ ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. ಆದರೆ ಈ ಚರಿತ್ರೆಯಲ್ಲಿ ಕಬ್ಬು ತಾನೇ ನೆಟ್ಟುಕೊಂಡು, ತಾನೇ ಕಡಿದುಕೊಂಡು, ಗಾಡಿ ಹತ್ತಿ ಕಾರ್ಖಾನೆಗೆ ಹೋದಂತೆ ಕಾಣುತ್ತದೆ. ಮಚ್ಚು ಹಿಡಿದ ಕೈ ಯಾರದು ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ದಲಿತ ವಿಮರ್ಶೆ ಕತೆ, ಕವಿತೆಗಳ ಜೊತೆಗೆ ಇಂಥ ಅಭಿವೃದ್ಧಿಯ ಕಥನಗಳನ್ನೂ ಎದುರು ಕೂರಿಸಿಕೊಂಡು ಕೇಳಬೇಕಾಗಿದೆ.

ಕಬ್ಬು ಎಂಥ ಬೆಳೆ ಅಂತ ಮೊದಲು ನೋಡೋಣ. ರಾಗಿಯ ಹಾಗೆ ನಾಲ್ಕು ತಿಂಗಳಿಗೆ ಕೈಗೆ ಬರೋದಿಲ್ಲ. ವರ್ಷವಿಡೀ ಗದ್ದೆಯಲ್ಲಿ ನಿಲ್ಲುತ್ತೆ. ತುಂಡು ನೆಡೋದು, ಕಳೆ ಕೀಳೋದು, ಬುಡಕ್ಕೆ ಮಣ್ಣು ಏರಿಸೋದು, ನೀರು ಕಟ್ಟೋದು, ಒಣಗರಿ ಸುಲಿಯೋದು, ಹೀಗೆ ಕೆಲಸಕ್ಕೆ ಬಿಡುವಿಲ್ಲ. ಕಡಿದ ಕಬ್ಬನ್ನು ಒಂದೆರಡು ದಿನದೊಳಗೆ ಅರೆಯದಿದ್ದರೆ ತೂಕವೂ ಇಳಿಯುತ್ತೆ, ಸಕ್ಕರೆಯೂ ಇಳಿಯುತ್ತೆ. ಕಾರ್ಖಾನೆ ಕಡಿಯಿರಿ ಅಂದ ದಿನ ಕಡಿಯಲೇಬೇಕು. ನೀರಿನಷ್ಟೇ ಈ ಬೆಳೆಗೆ ಬೇಕಾದವನು ಕರೆದಾಗ ಬರುವ ಆಳು. ಆ ಆಳನ್ನು ಕಾರ್ಖಾನೆ ಹುಟ್ಟಿಸಲಿಲ್ಲ. ಜಾತಿ ಮೊದಲೇ ಕಟ್ಟಿಹಾಕಿ ಇಟ್ಟಿತ್ತು.

ಹಳೇ ಮೈಸೂರಿನ ಊರುಗಳಲ್ಲಿ ಅವನಿಗೆ ಹಳೆಮಗ ಅನ್ನುತ್ತಿದ್ದರು. ಹೆಸರಲ್ಲಿ ಮಗ, ಬದುಕಲ್ಲಿ ಆಳು. ಒಂದೊಂದು ಒಕ್ಕಲಿಗ ಮನೆತನಕ್ಕೆ ಹೊಲಗೇರಿಯ ಒಂದೊಂದು ಮನೆತನ ತಲೆಮಾರುಗಳಿಂದ ಗಂಟುಬಿದ್ದಿತ್ತು. ಸುಗ್ಗಿಯಲ್ಲಿ ಗೊತ್ತುಮಾಡಿದಷ್ಟು ದವಸ, ಹುಲ್ಲು. ಅದಕ್ಕೆ ಪ್ರತಿಯಾಗಿ ಗೇಯ್ಮೆ, ಸಾವು-ಮದುವೆಯ ಚಾಕರಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕಿ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. 1962ರ ಅವರ ಪುಸ್ತಕದಲ್ಲಿ ಈ ಊರುಗಳಿಗೆ ವಂಗಲ, ದಲೇನ ಅಂತ ಮಾರುಹೆಸರು. ವಂಗಲಕ್ಕೆ ನಾಲೆ ನೀರು ಬಂತು. ಎತ್ತರದಲ್ಲಿದ್ದ ದಲೇನ ಒಣಗಿಯೇ ಉಳಿಯಿತು. ನೀರು, ಹಣ ಬಂದ ಊರಲ್ಲಿ ಹಳೇ ಕಟ್ಟು ಕಳಚಬೇಕಿತ್ತು ಅಲ್ಲವೇ? ಆದದ್ದು ಉಲ್ಟಾ. ದಲೇನದವರು ಪಟ್ಟಣದ ಕೆಲಸ, ವ್ಯಾಪಾರಗಳ ಕಡೆ ಮುಖ ಮಾಡಿದರು. ಹಳೆಮಕ್ಕಳ ಕಟ್ಟು ಸಡಿಲವಾದದ್ದು ಅಲ್ಲಿ. ಕಬ್ಬು ಬೆಳೆದ ವಂಗಲದಲ್ಲಿ ಬೇಸಾಯವೇ ಬದುಕಾಗಿ ಉಳಿಯಿತು, ಹಳೆಮಗನೂ ಉಳಿದ. ವಂಗಲದ ಆದಿಕರ್ನಾಟಕರು ನಾಟಕವಾಡಲು ಹೊರಟರೆ, ತಮ್ಮ ಆಳು ಸಿಂಹಾಸನದ ಮೇಲೆ, ತಾವು ನೆಲದ ಮೇಲೆ ಕೂರೋದೇ ಅಂತ ಒಕ್ಕಲಿಗರು ಅಡ್ಡ ಬಂದದ್ದನ್ನೂ ಎಪ್‌ಸ್ಟೀನ್ ದಾಖಲಿಸಿದ್ದಾರೆ. ರಂಗದ ಸಿಂಹಾಸನವನ್ನೂ ಸಹಿಸದ ಊರಿಗೆ ಕಬ್ಬಿನ ಹಣ ಕಲಿಸಿದ್ದಾದರೂ ಏನು?

ಇದನ್ನು ಬರೀ ಮನಸ್ಸಿನ ಸಣ್ಣತನ ಅಂದುಕೊಂಡರೆ ಸಾಲದು. ಭೂಮಿಯ ಲೆಕ್ಕ ತೆಗೆಯಬೇಕು. ನಾಲೆ ನೀರು ಹರಿದದ್ದು ಸರ್ವೆ ನಂಬರಿಗೆ. ಪಹಣಿ ಇದ್ದವನಿಗೆ ನೀರು, ನೀರು ಇದ್ದವನಿಗೆ ಕಾರ್ಖಾನೆಯ ಒಪ್ಪಂದ, ಒಪ್ಪಂದ ಇದ್ದವನಿಗೆ ಸಾಲ. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಹಳೆಮಗ ಹಳೆಮಗನಾಗಿದ್ದಕ್ಕೆ ಅವನಿಗೆ ಯಾವ ಗೇಣಿ ಹಕ್ಕೂ ಇರಲಿಲ್ಲ. ಕೇರಿಗೆ ತೋಟಿ, ತಳವಾರಿಕೆಗೆಂದು ಬಂದಿದ್ದ ಇನಾಂ ತುಂಡುಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮರುಮಂಜೂರು ಮಾಡಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯಲು 1978ರಲ್ಲಿ ಬಂದ ಕಾಯ್ದೆಯಾದರೋ, ವಂಶಪಾರಂಪರ್ಯ ಹುದ್ದೆಯ ಜಮೀನನ್ನೇ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ತಲೆಮಾರುಗಟ್ಟಲೆ ಊರು ಕಾದದ್ದಕ್ಕೆ ಸಿಕ್ಕ ನೆಲಕ್ಕೆ ಈ ಕಾಯ್ದೆಯ ರಕ್ಷಣೆ ಇಲ್ಲ! ಉಳಿದ ಮಂಜೂರು ಜಮೀನಿಗೂ, ತಡವಾಗಿ ಬಂದಿರಿ ಅನ್ನೋ ತಕರಾರು ಕಟ್ಟೆ ಹತ್ತಿತು. ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರಲು 2023 ಬರಬೇಕಾಯಿತು.

ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವುದಕ್ಕೆ ಕೂಳೆ ಅಂತಾರೆ. ಹೊಸ ಬಿತ್ತನೆಯ ಖರ್ಚಿಲ್ಲದೆ ಬರೋ ಬೆಳೆ ಅದು. ಜಾತಿಯೂ ಹಾಗೇ, ಮೇಲೆ ಕಡಿದರೆ ಬುಡದಿಂದ ಏಳುತ್ತದೆ. ನಾಲೆ ಬಂದಾಗ ಕೇರಿಯವರ ಹೆಸರಲ್ಲಿ ಎಷ್ಟು ಗುಂಟೆ ಗದ್ದೆ ಇತ್ತು, ಇವತ್ತು ಎಷ್ಟಿದೆ? ಊರೂರಿನ ದಫ್ತರ ಬಿಚ್ಚಿ ಈ ಪಟ್ಟಿ ಬರೆದ ದಿನ ಮಂಡ್ಯದ ಕಬ್ಬಿನ ಚರಿತ್ರೆ ಶುರುವಾಗುತ್ತದೆ.