ಮತಗಟ್ಟೆಯ ಬಾಗಿಲು ದಾಟಿದ ಮೇಲೆ: ಕೊಯಮತ್ತೂರು ಸೀಮೆಯ ದಲಿತ ಮತದ ಚರಿತ್ರೆ

ಧರ್ಮ, ಜನಾಂಗ, ಜಾತಿ, ಲಿಂಗ ಇವುಗಳ ನೆಪದಲ್ಲಿ ಯಾರ ಹೆಸರನ್ನೂ ಮತದಾರರ ಪಟ್ಟಿಯಿಂದ ಕೈಬಿಡುವಂತಿಲ್ಲ ಎನ್ನುತ್ತದೆ ಸಂವಿಧಾನದ 325ನೇ ವಿಧಿ. ಜಾತಿ ಬೇರೆ, ಜನಾಂಗ ಬೇರೆ ಎಂದು ಜನಾಂಗೀಯ ತಾರತಮ್ಯದ ವಿರುದ್ಧ ನಡೆದ 2001ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರ ಪಟ್ಟು ಹಿಡಿದಿತ್ತು. ಹುಟ್ಟಿನ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ವಿಶ್ವಸಂಸ್ಥೆಯ ಜನಾಂಗ ತಾರತಮ್ಯ ನಿವಾರಣಾ ಸಮಿತಿ ಮರುವರ್ಷವೇ ಹೇಳಿತು. ಆ ವಾದ ಹೇಗೇ ಇರಲಿ, ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಮತದ ಹಕ್ಕಿನ ಪ್ರಶ್ನೆ ಮೊದಲು ತಟ್ಟುವುದು ಅರುಂಧತಿಯರ್ ಎಂಬ ದಲಿತ ಸಮುದಾಯವನ್ನು. ಮನೆಯಲ್ಲಿ ತೆಲುಗನ್ನೋ ಕೆಲವೆಡೆ ಕನ್ನಡವನ್ನೋ ಆಡುವ ಈ ಜನ ತಲೆಮಾರುಗಳ ಕಾಲ ಭೂಮಾಲೀಕ ಗೌಂಡರ್ ಜಾತಿಯವರ ತೋಟಗಳಲ್ಲಿ ಆಳಾಗಿ ದುಡಿದವರು.

1920ರಲ್ಲಿ ಕೊಯಮತ್ತೂರು ಸೇರಿದ್ದ ಮದ್ರಾಸ್ ಪ್ರಾಂತ್ಯದ ಶಾಸನ ಪರಿಷತ್ತಿಗೆ ಚುನಾವಣೆ ನಡೆದಾಗ ಮತ ಇದ್ದದ್ದು ಭೂಮಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ. ಹಾಗಾಗಿ ತೋಟದ ಒಡೆಯ ಮತದಾರನಾದ, ಅವನ ಆಳು ಆಗಲಿಲ್ಲ. ದಲಿತರ ಪರವಾಗಿ ಎಂ.ಸಿ. ರಾಜಾ ಅವರಂಥವರು ಸರ್ಕಾರದ ನಾಮಕರಣದಿಂದ ಪರಿಷತ್ತಿಗೆ ಬಂದರು. 1932ರ ಪುಣೆ ಒಪ್ಪಂದ ಮದ್ರಾಸಿನ ದಲಿತರಿಗೆ 30 ಮೀಸಲು ಸ್ಥಾನ ಕೊಟ್ಟಿತು. ದಲಿತ ಮತದಾರರು ಮೊದಲ ಸುತ್ತಿನಲ್ಲಿ ನಾಲ್ವರನ್ನು ಆರಿಸಬೇಕು. ಆ ನಾಲ್ವರಲ್ಲಿ ಗೆಲ್ಲುವವರು ಯಾರೆಂಬುದನ್ನು ಎಲ್ಲ ಜಾತಿಯ ಮತದಾರರು ಸೇರಿ ತೀರ್ಮಾನಿಸಬೇಕು. 1935ರ ಭಾರತ ಸರ್ಕಾರ ಕಾಯ್ದೆಯಲ್ಲೂ ಆಸ್ತಿ, ತೆರಿಗೆ, ಅಕ್ಷರಜ್ಞಾನದ ಅರ್ಹತೆಗಳು ಉಳಿದವು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರನ್ನು ತಡೆದ ಓದುಬರಹದ ಪರೀಕ್ಷೆ 1965ರ ಮತದಾನ ಹಕ್ಕು ಕಾನೂನಿನ ತನಕ ಬದುಕಿತ್ತು. ಇಲ್ಲಿ ಸಂವಿಧಾನ ಅಂಥ ಅರ್ಹತೆಗಳನ್ನೆಲ್ಲ ಒಂದೇ ಏಟಿಗೆ ತೆಗೆದುಹಾಕಿತು.

ಸಂವಿಧಾನ ಬಂದಮೇಲಿನ ಮೊದಲ ಚುನಾವಣೆಯ ಹೊತ್ತಿಗೆ, 1952ರಲ್ಲಿ, ಕೊಯಮತ್ತೂರು ಜಿಲ್ಲೆಯ ಅಂಚು ಇಂದಿನ ಚಾಮರಾಜನಗರದವರೆಗೂ ಚಾಚಿತ್ತು. ಕೊಳ್ಳೇಗಾಲದ ಕನ್ನಡಿಗರು ಮೊದಲ ಮತ ಹಾಕಿದ್ದು ಮದ್ರಾಸ್ ವಿಧಾನಸಭೆಗೆ. ಆ ತಾಲ್ಲೂಕು ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಆ ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಓದು ಬಾರದವರೂ ಚಿಹ್ನೆ ನೋಡಿ ಚೀಟಿ ಹಾಕಬಹುದಿತ್ತು. ಮೀಸಲಾತಿ ಇದ್ದ ಹಲವು ಕಡೆ ಒಂದೇ ಕ್ಷೇತ್ರಕ್ಕೆ ಇಬ್ಬರು ಸದಸ್ಯರಿದ್ದರು, ಒಂದು ಸ್ಥಾನ ಮೀಸಲು, ಇನ್ನೊಂದು ಸಾಮಾನ್ಯ. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದ ಎರಡೂ ಸ್ಥಾನಗಳನ್ನು ಪರಿಶಿಷ್ಟ ಪಂಗಡದವರೇ ಗೆದ್ದು, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿ ಸೋತರು. ಗಿರಿಯವರ ತಕರಾರು ಸುಪ್ರೀಂ ಕೋರ್ಟಿನಲ್ಲೂ ನಿಲ್ಲಲಿಲ್ಲ. 1961ರಲ್ಲಿ ದ್ವಿಸದಸ್ಯ ಪದ್ಧತಿಯನ್ನೇ ರದ್ದು ಮಾಡಲಾಯಿತು. ಇವೆರಡರ ನಂಟು ಬರೀ ಕಾಕತಾಳೀಯವೆಂದು ನಂಬುವುದು ನನಗೆ ಕಷ್ಟ.

ಇಷ್ಟಾದರೂ ಜಾತಿ ಮತಗಟ್ಟೆಯಿಂದ ದೂರ ಹೋಗಲಿಲ್ಲ. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಂ ಇಲ್ಲ, ಬೀದಿಯ ಹೆಸರಿದೆ. ತಮಿಳುನಾಡಿನ ಹಳ್ಳಿಗಳ ಪಟ್ಟಿಗಳಲ್ಲಿ ‘ಆದಿ ದ್ರಾವಿಡರ್ ಕಾಲೊನಿ’ ಎಂಬ ಶೀರ್ಷಿಕೆಯ ಕೆಳಗೆ ಬಂದ ಹೆಸರು ಯಾರದೆಂದು ಬಿಡಿಸಿ ಹೇಳಬೇಕಿಲ್ಲ. ‘ಕಾಲೊನಿ’ ಪದವನ್ನು ಸರ್ಕಾರಿ ದಾಖಲೆಗಳಿಂದ ತೆಗೆಯುವುದಾಗಿ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಘೋಷಿಸಿದ್ದು 2025ರಲ್ಲಿ. ಮತಗಟ್ಟೆಯ ಒಳಗೆ ಮೊದಲ ಅಧಿಕಾರಿ ಮತದಾರನ ಹೆಸರು, ಕ್ರಮಸಂಖ್ಯೆಗಳನ್ನು ಗಟ್ಟಿಯಾಗಿ ಓದುತ್ತಾನೆ. ಪಕ್ಷಗಳ ಏಜೆಂಟರು ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಕಳ್ಳಮತ ತಡೆಯಲು ಇದು ಬೇಕೇ ಬೇಕು. ಏಜೆಂಟನ ಕುರ್ಚಿಯಲ್ಲಿ ಕೂತವನು ಕೂಲಿ ಕೊಡುವ ತೋಟದ ಕಡೆಯವನಾಗಿದ್ದರೆ, ಯಾರು ಬಂದರು, ಯಾರು ಬರಲಿಲ್ಲ ಎಂಬ ಲೆಕ್ಕ ಸಂಜೆಯೊಳಗೆ ತೋಟ ಸೇರುತ್ತದೆ.

ಮತಗಟ್ಟೆ ಸಾಮಾನ್ಯವಾಗಿ ಊರ ಶಾಲೆ, ಅಲ್ಲೂ ಜಾತಿಯ ಗೆರೆ ಇದೆ. 2018ರಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿಯ ತಿರುಮಲೈಗೌಂಡನ್‌ಪಾಳೆಯಂ ಶಾಲೆಯಲ್ಲಿ ಅರುಂಧತಿಯರ್ ಮಹಿಳೆ ಬಿಸಿಯೂಟ ಮಾಡುವುದಕ್ಕೇ ಅಡ್ಡಿ ಬಂದಿತ್ತು. ಅದೇ ಅವಿನಾಶಿ ಮೀಸಲು ಕ್ಷೇತ್ರದ ಶಾಸಕರು ಆಗ ಅರುಂಧತಿಯರ್ ಸಮುದಾಯದ ಪಿ. ಧನಪಾಲ್, ಅವರು ವಿಧಾನಸಭೆಯ ಸ್ಪೀಕರ್ ಕೂಡ ಆಗಿದ್ದರು.

ದುರ್ಬಲ ವರ್ಗದವರ ಬಡಾವಣೆಗೇ ಮತಗಟ್ಟೆ ಕೊಡುವುದು ಚುನಾವಣಾ ಆಯೋಗದ ಹಳೆಯ ಉಪಾಯ. ಊರೊಳಗೆ ಹಾದು ಹೋಗುವ ದಾರಿಯ ಭಯ ಇದರಿಂದ ಕಮ್ಮಿಯಾಯಿತು, ಸಂಶಯವಿಲ್ಲ. ಆದರೆ ಮತಯಂತ್ರ ಬಂದಮೇಲೆ ಎಣಿಕೆ ಮತಗಟ್ಟೆವಾರು ಹೊರಬೀಳುತ್ತದೆ. ಕೇರಿಗೊಂದೇ ಮತಗಟ್ಟೆಯಾದರೆ ಇಡೀ ಕೇರಿ ಯಾರಿಗೆ ಒತ್ತಿತೆಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಒಬ್ಬೊಬ್ಬರ ಗುಟ್ಟು ಉಳಿಯುತ್ತದೆ, ಕೇರಿಯ ಗುಟ್ಟು ಉಳಿಯುವುದಿಲ್ಲ. ಚೀಟಿಯ ಕಾಲದಲ್ಲಿ ಬೆದರಿಕೆಯ ಶಂಕೆ ಇದ್ದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಾವಳಿಯ 59ಎ ನಿಯಮ ಅವಕಾಶ ಕೊಟ್ಟಿತ್ತು. ಅದೇ ಕೆಲಸಕ್ಕೆ 14 ಯಂತ್ರಗಳ ಮತವನ್ನು ಒಟ್ಟುಗೂಡಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗ 2015ರ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಕೊಯಮತ್ತೂರು ಸೀಮೆಯ ತೋಟದಾಳಿನ ಕಡೆಯಿಂದ ನೋಡಿದರೆ, ಮತಗಟ್ಟೆಯ ದೂರಕ್ಕಿಂತ ಈ ನಿರಾಕರಣೆಯೇ ದೊಡ್ಡ ತೊಡಕು.

ಮತ ಹಾಕಿದ ಮೇಲೂ ಸೇಡು ಕಾದಿರುತ್ತದೆ ಎಂಬುದು ಕಾನೂನಿಗೂ ತಡವಾಗಿ ಹೊಳೆಯಿತು. ಪರಿಶಿಷ್ಟರನ್ನು ಮತ ಹಾಕದಂತೆ ಬೆದರಿಸುವುದನ್ನು 1989ರ ದೌರ್ಜನ್ಯ ತಡೆ ಕಾಯ್ದೆ ಅಪರಾಧವೆಂದಿತು. ಮತ ಹಾಕಿದ್ದಕ್ಕಾಗಿ ಆಮೇಲೆ ಹೊಡೆಯುವುದು, ಬಹಿಷ್ಕಾರ ಹಾಕುವುದು, ನಾಮಪತ್ರ ತಡೆಯುವುದು, ಗೆದ್ದ ಪಂಚಾಯತಿ ಅಧ್ಯಕ್ಷರ ಕೆಲಸಕ್ಕೆ ಅಡ್ಡಿ ಮಾಡುವುದು, ಇವೆಲ್ಲ ಬಿಡಿಬಿಡಿಯಾಗಿ ಪಟ್ಟಿ ಸೇರಿದ್ದು 2015ರ ತಿದ್ದುಪಡಿಯಲ್ಲಿ. 2019ರ ಡಿಸೆಂಬರ್‌ನಲ್ಲಿ ತಮಿಳುನಾಡಿನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆಯಿತು. ಮುಂದಿನ ವರ್ಷ ಕೊಯಮತ್ತೂರು ಜಿಲ್ಲೆಯ ಜೆ. ಕೃಷ್ಣಾಪುರಂ ಪಂಚಾಯತಿಯ ದಲಿತ ಅಧ್ಯಕ್ಷೆ, ಕಚೇರಿಯ ಕುರ್ಚಿಯಲ್ಲಿ ತನ್ನನ್ನು ಕೂರಲು ಬಿಡುತ್ತಿಲ್ಲ ಎಂದು ಪೊಲೀಸರಿಗೆ ದೂರು ಕೊಟ್ಟರು.